ವೇದಿಕೆ ಇಳಿದು ಓಣಿಗೆ ಬನ್ನಿ

ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕರೇ, ಲಿಂಗಸುಗೂರಿನ ನೌಕರ ಬಂಧುಗಳೇ, ಮಸ್ಕಿಯ ಯುವಕ ಸಂಘಗಳ ತಮ್ಮಂದಿರೇ, ಸ್ವಸಹಾಯ ಸಂಘಗಳ ಅಕ್ಕಂದಿರೇ, ಮಠಗಳ ಹಿರಿಯರೇ, ಈ ಮಾತು ನಿಮಗೆ. ಮಕ್ಕಳಿಗೆ ಒಳ್ಳೆಯದಾಗಲಿ ಎಂಬ ಮನಸ್ಸು ನಿಮ್ಮಲ್ಲಿದೆ. ಜೂನ್ ಬಂದರೆ ನೋಟ್‌ಬುಕ್ಕು, ಬ್ಯಾಗು ಹಂಚುತ್ತೀರಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಪ್ರತಿಭಾ ಪುರಸ್ಕಾರ ಇಟ್ಟುಕೊಳ್ಳುತ್ತೀರಿ, ಶಾಲು ಹೊದಿಸುತ್ತೀರಿ, ಬಂದವರಿಗೆಲ್ಲ ಊಟ ಹಾಕುತ್ತೀರಿ. ಆ ಮನಸ್ಸಿನ ಮೇಲೆ ಭರವಸೆ ಇಟ್ಟೇ ಕೇಳುತ್ತಿದ್ದೇನೆ: ಆ ಕಾರ್ಯಕ್ರಮಕ್ಕೆ ಬಾರದ ಮಗು ಎಲ್ಲಿದೆ? ಒಂದನೇ ತರಗತಿಯಲ್ಲಿ ಅದರ ಪಕ್ಕ ಕೂತಿದ್ದವರು ಇವತ್ತು ಶಾಲು ಹೊದ್ದು ನಿಂತಿದ್ದಾರೆ. ಅದು ಎಲ್ಲಿ ಹೋಯಿತು?

ಎಲ್ಲಿ ಹೋಯಿತೆಂದು ನಮಗೆಲ್ಲ ಗೊತ್ತು.

ಹತ್ತಿ ಬೀಜ ಬೆಳೆಯುವ ಹೊಲಗಳಲ್ಲಿ ಮಳೆಗಾಲದ ನಡುವೆಯೇ ಕ್ರಾಸಿಂಗ್ ಕೆಲಸ ಶುರುವಾಗುತ್ತದೆ. ಹೈಬ್ರಿಡ್ ಹತ್ತಿ ಬೀಜವನ್ನು ಯಾವ ಯಂತ್ರವೂ ಮಾಡಿಕೊಡುವುದಿಲ್ಲ. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಬಿಡಿಸಿ, ಒಳಗಿನ ಕೇಸರವನ್ನು ಉಗುರಿನಿಂದ ತೆಗೆಯಬೇಕು. ಬೆಳಿಗ್ಗೆ ಗಂಡು ಗಿಡದ ಹೂ ಕಿತ್ತು ತಂದು ಪರಾಗ ಹಚ್ಚಬೇಕು. ಹೀಗೆ ಒಂದೊಂದು ಹೂವಿಗೂ, ದಿನವೂ, ತಿಂಗಳುಗಟ್ಟಲೆ. ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರು ರೂಪಿಸಿದ ‘ವರಲಕ್ಷ್ಮಿ’ ತಳಿ 1972ರಲ್ಲಿ ಬಿಡುಗಡೆಯಾದಾಗ ಅದು ಕನ್ನಡ ನೆಲದ ದೊಡ್ಡ ಸಾಧನೆಯಾಗಿತ್ತು, ಇಂದಿಗೂ ಹೌದು. 2002ರಲ್ಲಿ ಬಿಟಿ ಹತ್ತಿ ಬಂತು. ತಳಿ ಬದಲಾಯಿತು, ಕಂಪನಿಗಳು ಬದಲಾದವು, ಕೈಯಿಂದ ಹೂ ಬಿಡಿಸುವ ಈ ಕೆಲಸ ಮಾತ್ರ ಹಾಗೆಯೇ ಉಳಿಯಿತು. ಒಂದು ಬೀಜದ ಪ್ಯಾಕೆಟ್ ಹಿಂದೆ ನೂರಾರು ಹೂಗಳ ಮೇಲೆ ಆಡಿದ ಬೆರಳುಗಳಿವೆ. ರಾಯಚೂರು, ಕೊಪ್ಪಳದ ಸೀಮೆಯಲ್ಲಿ ಆ ಬೆರಳುಗಳಲ್ಲಿ ಹೆಣ್ಣುಮಕ್ಕಳ ಬೆರಳು ಎಷ್ಟಿವೆ ಎಂಬುದನ್ನು ಅಧ್ಯಯನಗಳು ಎರಡು ದಶಕಗಳಿಂದ ಹೇಳುತ್ತಲೇ ಬಂದಿವೆ.

ಈ ಕೆಲಸಕ್ಕೆ ಸಣ್ಣ ಬೆರಳೇ ಬೇಕು ಎನ್ನುವವರಿದ್ದಾರೆ. ಆ ಮಾತನ್ನು ಇನ್ನು ನಾವು ಒಪ್ಪಬಾರದು. ದೊಡ್ಡವರ ಬೆರಳೂ ಈ ಕೆಲಸ ಮಾಡಬಲ್ಲದು. ದೊಡ್ಡವರ ಕೂಲಿ ಹೆಚ್ಚು, ದೊಡ್ಡವರು ಎದುರು ಮಾತಾಡುತ್ತಾರೆ, ಅಷ್ಟೇ ವ್ಯತ್ಯಾಸ. ಬೀಜ ಬೆಳೆಯುವ ರೈತನನ್ನು ನಾನು ಕಟಕಟೆಗೆ ನಿಲ್ಲಿಸುತ್ತಿಲ್ಲ. ಅವನ ಬೀಜದ ದರ ನಿಗದಿಯಾಗುವುದು ಅವನ ಹೊಲದಲ್ಲಲ್ಲ. ಆ ದರದಲ್ಲಿ ದೊಡ್ಡವರಿಗೆ ಪೂರ್ತಿ ಕೂಲಿ ಕೊಟ್ಟು ಕೈಯಲ್ಲಿ ಏನಾದರೂ ಉಳಿಸಿಕೊಳ್ಳುವುದು ಸಣ್ಣ ಹಿಡುವಳಿದಾರನಿಗೆ ಕಷ್ಟ. ಹಾಗಾಗಿ ಈ ಪ್ರಶ್ನೆ ಮೊದಲು ಬೀಜ ಕಂಪನಿಗಳಿಗೆ, ಆಮೇಲೆ ಅವುಗಳ ಪರವಾಗಿ ಊರಲ್ಲಿ ಮುಂಗಡ ಹಂಚುವ ಆರ್ಗನೈಸರುಗಳಿಗೆ: ದೊಡ್ಡವರ ಕೂಲಿ ಗಿಟ್ಟುವಂಥ ದರ ಏಕೆ ಕೊಡುತ್ತಿಲ್ಲ? ನಮ್ಮ ರೈತ ಸಂಘಗಳು ಬೆಂಬಲ ಬೆಲೆಗೆ ಕೂಗಿದಷ್ಟೇ ಗಟ್ಟಿಯಾಗಿ ಇದನ್ನೂ ಕೂಗಿ ಕೇಳಬೇಕು.

ಇನ್ನು ಭತ್ತದ ನಾಡಿನ ಕಥೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಸಿಂಧನೂರಿನ ಸುತ್ತ ಕ್ಯಾಂಪುಗಳಲ್ಲಿ, ಹಳ್ಳಿಗಳಲ್ಲಿ ನಾಟಿ ಶುರು. ತಾಯಿ ಹೊತ್ತು ಮೂಡುವ ಮುಂಚೆ ಟಂಟಂ ಹತ್ತುತ್ತಾಳೆ. ಮನೆಯಲ್ಲಿ ಹಾಲು ಕುಡಿಯುವ ಕೂಸಿದ್ದರೆ ಅದನ್ನು ಎತ್ತಿಕೊಳ್ಳುವವಳು ಆರನೇ ತರಗತಿಯ ಅಕ್ಕ. ಮಾಸ್ತರರು ಮನೆಗೆ ಬಂದು “ಯಾಕವ್ವಾ, ಹುಡುಗೀನ ಸಾಲಿಗೆ ಕಳಿಸಿಲ್ಲ?” ಎಂದರೆ ತಾಯಿ ಹೇಳುವ ಮಾತು ಒಂದೇ: “ಕೂಸಿನ್ನ ಯಾರು ನೋಡ್ಕೋಬೇಕ್ರೀ ಸರ?” ಇದಕ್ಕೆ ಮಾಸ್ತರರ ಬಳಿ ಉತ್ತರವಿಲ್ಲ. ಊರಿನ ಬಳಿ ಇರಬೇಕಿತ್ತು. ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ 2023ರಿಂದ ಇದೆ. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೇ? ತೆರೆದಿದ್ದರೆ ನಾಟಿಯ ಹೊತ್ತಿಗೆ ಸರಿಯಾಗಿ, ತಾಯಂದಿರು ಹೊರಡುವ ಆ ನಸುಕಿಗೆ ಬಾಗಿಲು ತೆಗೆಯುತ್ತದೆಯೇ? ಕೂಸಿಗೊಂದು ನೆರಳು ಸಿಕ್ಕರೆ ಅದರ ಅಕ್ಕ ಶಾಲೆಗೆ ಹೋಗುತ್ತಾಳೆ. ನೋಟ್‌ಬುಕ್ ಹಂಚುವ ಸಂಘಕ್ಕೆ ಇದು ಹೊಳೆಯುವುದಿಲ್ಲ, ಓಣಿಯಲ್ಲಿ ತಿರುಗಾಡಿದ ಸಂಘಕ್ಕೆ ಮೊದಲು ಹೊಳೆಯುವುದೇ ಇದು.

ನೀರಿಲ್ಲದ ಕಡೆ ಗುಳೆ. ಲಿಂಗಸುಗೂರು, ಮಸ್ಕಿಯ ಮಡ್ಡಿ ಹಳ್ಳಿಗಳಿಂದ, ತಾಂಡಾಗಳಿಂದ ಬೆಂಗಳೂರಿಗೆ, ಪುಣೆಗೆ, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ, ಮತ್ತೆ ಕೆಲವರು ಕಬ್ಬು ಕಡಿಯಲು ಹೋಗುತ್ತಾರೆ. ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲ ಒಂದೇ ಗಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ನಾಡು ಟಿಎಂಸಿ ಲೆಕ್ಕ ಹಾಕಿತು, ಬೆಳೆಯ ಲೆಕ್ಕ ಹಾಕಿತು. ನೀರು ಕೈಕೊಟ್ಟ ವರ್ಷ ಶಾಲೆ ಬಿಟ್ಟು ಬಸ್ಸು ಹತ್ತುವ ಮಕ್ಕಳ ಲೆಕ್ಕವನ್ನು ಯಾರು ಹಾಕುತ್ತಾರೆ?

ಹಾಜರಿ ಪುಸ್ತಕವನ್ನು ನಂಬಿ ಕೂತರೆ ಆ ಲೆಕ್ಕ ಸಿಗುವುದಿಲ್ಲ. ಹೆಸರು ಅಲ್ಲಿರುತ್ತದೆ, ಮಗು ಹೊಲದಲ್ಲಿರುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ರಾಜ್ಯದ ಹೈಕೋರ್ಟು 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡ ಮೇಲೆ, ಏಳು ದಿನ ಸತತವಾಗಿ ಬಾರದ ಮಗುವನ್ನು ಹುಡುಕಿಕೊಂಡು ಹೋಗಬೇಕೆಂಬ ನಿಯಮ ಬಂತು. ಹದಿನಾಲ್ಕು ತುಂಬದ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯ ನಂತರ ಹೊಲದಲ್ಲೂ ಅಪರಾಧವೇ. ಕಾನೂನು ಸಾಕಷ್ಟಿದೆ. ಏಳನೇ ದಿನ ಮನೆ ಬಾಗಿಲಿಗೆ ಹೋಗಿ ನಿಲ್ಲುವ ಮನುಷ್ಯ ಇಲ್ಲ. ಒಬ್ಬರೋ ಇಬ್ಬರೋ ಕಾಯಂ ಶಿಕ್ಷಕರು, ಉಳಿದದ್ದಕ್ಕೆಲ್ಲ ಅತಿಥಿ ಶಿಕ್ಷಕರು ಇರುವ ಶಾಲೆಯಲ್ಲಿ ಪಾಠ, ಬಿಸಿಯೂಟ, ಗಣತಿ, ಚುನಾವಣೆ ಎಲ್ಲ ಮುಗಿಸಿ ಆ ಮಾಸ್ತರರು ಎಷ್ಟು ಮನೆಗೆ ಹೋದಾರು? ಸಂಘಸಂಸ್ಥೆಗಳು ಬೇಕಾಗಿರುವುದು ಇಲ್ಲಿಯೇ.

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನಕ್ಕೂ ಅಕ್ಷರ ಇರಲಿಲ್ಲ. ಅಂದು ಹತ್ತು ವರ್ಷದವಳಾಗಿದ್ದ ಹುಡುಗಿ ಇವತ್ತು ಎರಡು ಮಕ್ಕಳ ತಾಯಿ. ಅವಳನ್ನು ಅಂದು ಶಾಲೆಯಲ್ಲಿ ಉಳಿಸಿಕೊಳ್ಳಲಿಲ್ಲ, ಈಗ ಅವಳ ಮಗಳ ಸರದಿ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿತು. ಕಲ್ಯಾಣ ಕರ್ನಾಟಕ ಮಂಡಳಿಗೆ ಈಚಿನ ವರ್ಷಗಳಲ್ಲಿ ಸಾವಿರಾರು ಕೋಟಿ ಘೋಷಣೆಯಾಗುತ್ತಿದೆ. ಆ ಹಣದಿಂದ ಶಾಲೆಗೆ ಕೋಣೆ ಬರುತ್ತದೆ, ಬರಲಿ. ಆರನೇ ತರಗತಿಯ ಹುಡುಗಿ ಮನೆಯಿಂದ ಆ ಕೋಣೆಯವರೆಗೆ ನಡೆದು ಬರುವ ದಾರಿಯಲ್ಲಿ ಮುಂಗಡ, ಕೂಸು, ಗುಳೆ, ಹದಿನೈದಕ್ಕೇ ನಿಶ್ಚಯವಾಗುವ ಮದುವೆ ಎಲ್ಲ ಅಡ್ಡ ನಿಂತಿವೆ. ಅವನ್ನು ಸರಿಸಲು ಟೆಂಡರ್ ಕರೆಯಲಾಗುವುದಿಲ್ಲ.

ಇದು ನಮ್ಮಿಂದ ಆಗುವ ಕೆಲಸವೇ ಎಂದು ಕೇಳುವವರು ಪೋತ್ನಾಳಕ್ಕೆ ಹೋಗಿ ನೋಡಬೇಕು. ಸಿಂಧನೂರಿನಿಂದ ಮಾನ್ವಿಯ ದಾರಿಯಲ್ಲೇ ಇದೆ ಆ ಊರು. ಅಲ್ಲಿ 1999ರ ಹೊತ್ತಿಗೆ ಒಂದಾದ ಜಾಗೃತ ಮಹಿಳಾ ಸಂಘಟನೆಯ ಸದಸ್ಯರು ದಲಿತ ಮಹಿಳೆಯರು, ಕೂಲಿಕಾರರು. ಹೆಚ್ಚಿನವರಿಗೆ ಅಕ್ಷರ ಗೊತ್ತಿರಲಿಲ್ಲ. ಕೂಲಿ, ಭೂಮಿ, ದೌರ್ಜನ್ಯ ಎಂದು ಹೋರಾಡುತ್ತಲೇ, ದುಡಿಮೆಗೆ ಹೋಗುತ್ತಿದ್ದ ಮಕ್ಕಳಿಗಾಗಿ ‘ಚಿಲಿಪಿಲಿ’ ಎಂಬ ಶಾಲೆ ಕಟ್ಟಿದರು. ಬೇವಿನ ಗೊಬ್ಬರ ಮಾಡಿದರು, ಮಣ್ಣಿನ ಆಭರಣ ಮಾಡಿ ಮಾರಿದರು. ತಮ್ಮ ದಿನದ ಕೂಲಿ ಬಿಟ್ಟು ಸಭೆಗೆ ಬರುತ್ತಿದ್ದ ಹೆಂಗಸರು ಶಾಲೆ ನಡೆಸಬಲ್ಲವರಾದರೆ, ಗಿರಣಿ ಇರುವವರು, ತಿಂಗಳ ಸಂಬಳ ಇರುವವರು, ಟ್ರಸ್ಟು ನೋಂದಾಯಿಸಿಕೊಂಡವರು ಏನನ್ನೆಲ್ಲ ಮಾಡಬಹುದು! ನನಗೆ ಈ ವಿಷಯದಲ್ಲಿ ಅವರಿಗಿಂತ ದೊಡ್ಡ ಗುರುಗಳಿಲ್ಲ.

ಈ ನೆಲಕ್ಕೆ ಇದು ಹೊಸದೂ ಅಲ್ಲ. ನಿಜಾಮನ ಆಳ್ವಿಕೆಯಲ್ಲಿ, 1920ರಲ್ಲಿ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆರೆದರು. ಸರ್ಕಾರದ ಒಲವಿಗೆ ಕಾಯದೆ, ಎಲ್ಲ ಮತದ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಕಲಿಸಿದ ಶಾಲೆ ಅದು. ಮಸ್ಕಿಯ ಬಂಡೆಯ ಮೇಲೆ ಅಶೋಕ ಕೊರೆಸಿದ ಮಾತಿನ ಸಾರವೂ ಇದಕ್ಕೆ ದೂರವಿಲ್ಲ: ಮೇಲೇರುವುದು ದೊಡ್ಡವರಿಂದ ಮಾತ್ರ ಸಾಧ್ಯ ಎಂದುಕೊಳ್ಳಬೇಡಿ, ಸಣ್ಣವರಿಂದಲೂ ಸಾಧ್ಯ, ಇದನ್ನು ಇಬ್ಬರಿಗೂ ತಿಳಿಸಿ ಎಂದು. ಆ ಬಂಡೆ ನೋಡಲು ಮಕ್ಕಳನ್ನು ಕರೆದೊಯ್ಯುವಾಗ ಅಶೋಕನ ಹೆಸರಿನ ಜೊತೆಗೆ ಈ ಅರ್ಥವನ್ನೂ ಹೇಳಿ.

ನೆರೆಯ ತೆಲುಗು ನಾಡಿನಲ್ಲಿ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ 1991ರಿಂದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಹಿಡಿದ ಹಾದಿಯಿಂದ ಕಲಿಯುವುದು ಬಹಳವಿದೆ. ಶಾಲೆಯಲ್ಲಿಲ್ಲದ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂದು ಅವರು ನೇರವಾಗಿ ಹೇಳಿದರು. ಬಡತನ ಹೋದ ಮೇಲೆ ಮಗು ಶಾಲೆಗೆ ಬರಲಿ ಎಂದು ಕಾಯಲಿಲ್ಲ. ಊರಿನ ಯುವಕರನ್ನೇ ಕಟ್ಟಿಕೊಂಡು ಮನೆ ಮನೆಗೆ ಹೋದರು, ದೊಡ್ಡ ಮಕ್ಕಳಿಗೆ ಶಿಬಿರ ನಡೆಸಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರು. ಭೂಮಾಲೀಕರನ್ನೂ ಕೂರಿಸಿ ಮಾತಾಡಿದರು, ಅವರಲ್ಲಿ ಅನೇಕರು ಮಕ್ಕಳನ್ನು ಬಿಟ್ಟುಕೊಟ್ಟರು. ಇದು ನಮ್ಮಲ್ಲೂ ಆಗುತ್ತದೆ. ರಾಯಚೂರಿನಲ್ಲೂ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ವಿಶೇಷ ಶಾಲೆಗಳಿದ್ದವು. 2021ರಲ್ಲಿ ಆ ಯೋಜನೆ ಸಮಗ್ರ ಶಿಕ್ಷಣದಲ್ಲಿ ವಿಲೀನವಾಯಿತು. ಹಾಗೆ ಖಾಲಿಯಾದ ಜಾಗವನ್ನು ತುಂಬುವವರು ಯಾರು ಎಂಬುದೇ ಇವತ್ತಿನ ಪ್ರಶ್ನೆ.

ಆದ್ದರಿಂದ ಸಂಘಗಳಿಗೆ ನನ್ನ ಬೇಡಿಕೆ: ಈ ವರ್ಷ ಒಂದು ಸಮಾರಂಭ ಕಡಿಮೆ ಮಾಡಿ. ಶಾಮಿಯಾನ, ಹಾರ, ಬ್ಯಾನರ್, ಧ್ವನಿವರ್ಧಕಕ್ಕೆ ಹೋಗುವ ಹಣದಲ್ಲಿ ನಿಮ್ಮೂರಿನ ಒಬ್ಬ ಪದವೀಧರ ಹುಡುಗಿಗೆ ತಿಂಗಳ ಗೌರವಧನ ಕೊಡಿ. ಸಂಜೆ ಶಾಲೆಗೆ ಬೀಗ ಬಿದ್ದ ಮೇಲೆ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಸಮುದಾಯ ಭವನದಲ್ಲೋ ಆಕೆ ಮಕ್ಕಳನ್ನು ಕೂರಿಸಿಕೊಂಡು ಓದಿಸಲಿ. ಅಪ್ಪ ಅಮ್ಮ ಇಬ್ಬರೂ ಓದದ ಮನೆಯಿಂದ ಬಂದ ಹುಡುಗನಿಗೆ ಐದನೇ ತರಗತಿಯ ಭಾಗಾಕಾರ ತಪ್ಪಿದರೆ ಹೇಳಿಕೊಡಲು ಮನೆಯಲ್ಲಿ ಯಾರೂ ಇಲ್ಲ. ಅಲ್ಲಿ ತಪ್ಪಿದ್ದು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾಗಿ ಕಾಣಿಸಿಕೊಳ್ಳುತ್ತದೆ, ಆಮೇಲೆ ಬೆಂಗಳೂರಿನ ಯಾವುದೋ ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಮುಗಿಯುತ್ತದೆ. ಯುವಜನರ ಅಭಿವೃದ್ಧಿ ಎಂದು ದೊಡ್ಡ ಶಿಬಿರ ಮಾಡುವವರು ದಯವಿಟ್ಟು ಈ ಐದನೇ ತರಗತಿಯಿಂದ ಶುರು ಮಾಡಿ.

ಗುಳೆ ಹೋಗುವ ಮನೆಗಳನ್ನು ದೀಪಾವಳಿಗೆ ಮುಂಚೆಯೇ ಗುರುತಿಸಿ. ಅಜ್ಜಿಯ ಬಳಿ ಮಗುವನ್ನು ಬಿಟ್ಟು ಹೋಗಲು ತಯಾರಿದ್ದರೆ ಅಜ್ಜಿಯ ಮನೆಗೆ ರೇಷನ್ ಮುಟ್ಟಿಸಿ. ಯಾರೂ ಇಲ್ಲದಿದ್ದರೆ ಋತುಮಾನದ ವಸತಿ ಶಾಲೆ ಬೇಕೆಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಈಗಲೇ ಬರೆದುಕೊಡಿ, ಉತ್ತರ ಬರುವವರೆಗೂ ಹೋಗುತ್ತಿರಿ. ದೇವದಾಸಿ ಪದ್ಧತಿಗೆ ಸಿಕ್ಕ ತಾಯಂದಿರ ಮಕ್ಕಳಿಗೆ ಶಾಲೆಯಲ್ಲಿ ತಂದೆಯ ಹೆಸರು ಕೇಳಿ ತಲೆ ತಗ್ಗಿಸುವಂತೆ ಮಾಡುವವರ ಎದುರು ನೀವು ನಿಲ್ಲಿ, ತಾಯಿಯ ಹೆಸರು ಸಾಲದೇ ಎಂದು ಕೇಳಿ. ಸಿಂಧನೂರಿನ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಲ್ಲಿ ಮನೆಯಲ್ಲಿ ಬಂಗಾಳಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳಿದ್ದಾರೆ. ಎಲ್ಲ ಕಳೆದುಕೊಂಡು ಬಂದ ಅವರ ಹಿರಿಯರಿಗೆ ಜಾಗ ಕೊಟ್ಟ ಊರು ಇದು, ಆ ಮಕ್ಕಳ ಜೊತೆ ಕೂತು ಕನ್ನಡ ಓದುವ ಒಬ್ಬ ಅಣ್ಣನನ್ನೂ ಕೊಡಬಲ್ಲದು. ಹಟ್ಟಿಯ ನೆಲದಿಂದ ಚಿನ್ನ ಹೊರಬರುತ್ತಿದೆ. ಆ ಗಣಿಯ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ದೊಡ್ಡ ಪಾಲು ಲಿಂಗಸುಗೂರು ತಾಲ್ಲೂಕಿನ ಶಾಲೆ ಬಿಟ್ಟ ಮಕ್ಕಳಿಗೇ ಸಲ್ಲಬೇಕೆಂದು ಕಾರ್ಮಿಕ ಸಂಘವೂ ಊರವರೂ ಕೂಡಿ ಕೇಳಬೇಕು. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಮಾಲೀಕರು ತಮ್ಮ ಆವರಣದಲ್ಲಿ ಯಾವ ಮಗುವೂ ದುಡಿಯುತ್ತಿಲ್ಲ ಎಂದು ಬಾಗಿಲಲ್ಲೇ ಬರೆಸಲಿ, ಜೊತೆಗೆ ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನೂ ಬರೆಸಲಿ.

ಹೋರಾಡುವುದು ನಮಗೆ ಬಾರದ ವಿದ್ಯೆಯೇನಲ್ಲ. 2020ರ ನವೆಂಬರಿನಿಂದ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ರೈತರು ತಿಂಗಳುಗಟ್ಟಲೆ ಧರಣಿ ಕೂತರು. ಹಳ್ಳಿ ಹಳ್ಳಿಯಿಂದ ಸರದಿಯಲ್ಲಿ ಬಂದರು, ಹೆಂಗಸರೂ ಬಂದರು, ರೊಟ್ಟಿ ಬುತ್ತಿ ಬಂತು, ವಿಧಾನಸೌಧಕ್ಕೆ ಕೇಳಿಸುವಷ್ಟು ದನಿಯೂ ಬಂತು. ಅದೇ ಜನ, ಅದೇ ಸರದಿ, ಮಕ್ಕಳಿಗಾಗಿ ಒಂದು ಸಲ ಕೂಡಲಿ. ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಲೇಬೇಕು. ಅದು ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಮುಗಿಯಲು ಈ ಸಲ ಬಿಡಬೇಡಿ. ನಿಮ್ಮ ಊರಲ್ಲಿ ಏಳು ದಿನದಿಂದ ಶಾಲೆಗೆ ಬಾರದ ಮಕ್ಕಳ ಪಟ್ಟಿಯನ್ನು ಅಲ್ಲಿ ಗಟ್ಟಿಯಾಗಿ ಓದಿ, ಅಧ್ಯಕ್ಷರ, ಪಿಡಿಒ ಅವರ ಎದುರು ಠರಾವು ಬರೆಸಿ, ಪ್ರತಿ ಹೆಸರಿನ ಮುಂದೆ ಆ ಮಗುವನ್ನು ಕರೆತರುವ ಹೊಣೆ ಹೊತ್ತವರ ಸಹಿ ಹಾಕಿಸಿ.

ಪಟ್ಟಿ ತಯಾರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಅಂಗನವಾಡಿ ಅಕ್ಕನಿಗೆ ಓಣಿಯ ಪ್ರತಿ ಮನೆಯೂ ಗೊತ್ತು, ಆಶಾ ಕಾರ್ಯಕರ್ತೆಗೂ ಗೊತ್ತು. ಇಬ್ಬರನ್ನೂ ಕರೆದುಕೊಂಡು ಈ ಭಾನುವಾರ ಹೊರಡಿ. ಮಗುವಿನ ಹೆಸರು, ತಾಯಿಯ ಹೆಸರು, ಶಾಲೆ ಬಿಟ್ಟ ತಿಂಗಳು, ಬಿಟ್ಟ ಕಾರಣ ಬರೆದುಕೊಳ್ಳಿ. ಮುಂಗಡ ತೆಗೆದುಕೊಂಡಿದ್ದರೆ ಎಷ್ಟು, ಯಾರಿಂದ ಎಂದು ಕೇಳಿ. ತಾಯಿಯನ್ನು ಬೈಯಬೇಡಿ. ಸೋಮವಾರ ಬೆಳಿಗ್ಗೆ ಟಂಟಂ ಬರುವ ಮುಂಚೆ ಅದೇ ಮನೆಗೆ ಮತ್ತೆ ಹೋಗಿ.