ಆಟದ ಮಣೆಗೊಂದು ಭಾನುವಾರ

ಜರ್ಮನಿಯ ಎಸ್ಸೆನ್ ನಗರದಲ್ಲಿ ಪ್ರತಿ ವರ್ಷ ಅಕ್ಟೋಬರ್ ತಿಂಗಳಲ್ಲಿ ನಾಲ್ಕು ದಿನಗಳ ಒಂದು ಮೇಳ ನಡೆಯುತ್ತದೆ. 1983ರಲ್ಲಿ ಸಣ್ಣದಾಗಿ ಆರಂಭವಾದ ಈ ಮೇಳಕ್ಕೆ ಈಗ ಸುಮಾರು ಎರಡು ಲಕ್ಷ ಜನರು ಬಂದು ಹೋಗುತ್ತಾರೆ. ಅಲ್ಲಿ ಇರುವುದು ಮೇಜಿನ ಮೇಲೆ ಹರಡಿ ಆಡುವ ಆಟಗಳು ಮಾತ್ರ. ತಂದೆ ತಾಯಿ, ಮಕ್ಕಳು, ಅಜ್ಜ ಅಜ್ಜಿ, ನೆರೆಹೊರೆಯ ಸ್ನೇಹಿತರು ಒಟ್ಟಾಗಿ ಬಂದು, ಹಿಂದೆಂದೂ ಕಾಣದವರ ಎದುರು ಕುಳಿತು, ಹೊಸ ಆಟವೊಂದನ್ನು ಕಲಿತು, ಸೋತೋ ಗೆದ್ದೋ ನಗುತ್ತಾ ಮೇಲೇಳುತ್ತಾರೆ. ಮನೆಮನೆಯಲ್ಲೂ ಟಿ.ವಿ., ಕಂಪ್ಯೂಟರು, ಮೊಬೈಲು ತುಂಬಿರುವ ಶ್ರೀಮಂತ ದೇಶದ ಜನರು ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಕೂರುವುದಕ್ಕಾಗಿ ಟಿಕೇಟು ಕೊಂಡು ಸಾಲಿನಲ್ಲಿ ನಿಲ್ಲುತ್ತಾರೆಂಬುದು ಸೋಜಿಗವಲ್ಲವೇ?

ಅಮೆರಿಕದಲ್ಲಿಯೂ 1968ರಿಂದ ಇಂಥದೇ ಒಂದು ಸಮಾವೇಶ ನಡೆಯುತ್ತಾ ಬಂದಿದೆ. 1995ರಲ್ಲಿ ಕ್ಲಾಸ್ ಟಾಯ್ಬರ್ ಎಂಬ ಜರ್ಮನ್ ದಂತ ತಂತ್ರಜ್ಞರು ರೂಪಿಸಿದ 'ಕಟಾನ್' ಎಂಬ ಆಟ ಲೋಕಪ್ರಸಿದ್ಧವಾಯಿತು. ಆ ಆಟದಲ್ಲಿ ಇಟ್ಟಿಗೆ, ಮರ, ಉಣ್ಣೆ, ಧಾನ್ಯ, ಅದಿರುಗಳನ್ನು ಪಕ್ಕದವರೊಡನೆ ವಿನಿಮಯ ಮಾಡಿಕೊಳ್ಳದೆ ಮುಂದುವರಿಯುವುದು ಕಷ್ಟ. ಕೊನೆಯವರೆಗೂ ಯಾರೊಬ್ಬರನ್ನೂ ಆಟದಿಂದ ಹೊರಗೆ ಹಾಕುವುದಿಲ್ಲ. ಸೋಲುವವನೂ ಮೇಜಿನ ಬಳಿಯೇ ಇರುತ್ತಾನೆ. ಪಾಶ್ಚಾತ್ಯ ಕುಟುಂಬಗಳು ಈ ಆಟವನ್ನು ಮೆಚ್ಚಿದುದಕ್ಕೆ ಇದೂ ಒಂದು ಕಾರಣವಿರಬೇಕು.

ಇದನ್ನು ಓದಿ, ಕಡೂರು, ತರೀಕೆರೆ, ಅಜ್ಜಂಪುರಗಳ ನಮಗೂ ಜರ್ಮನಿಗೂ ಏನು ಸಂಬಂಧವೆಂದು ಕೇಳುವವರಿರಬಹುದು. ಸಂಬಂಧವಿದೆ. ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟು ಪಡೆದ ಲೂಡೋ ನಮ್ಮ ಪಚ್ಚೀಸಿಯ ಸಂತಾನ. ಹಾವು ಏಣಿಯಾಟವೂ ಭಾರತದಿಂದಲೇ ಅಲ್ಲಿಗೆ ಹೋದದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಆಡಳಿತ ಬ್ರಿಟಿಷರ ಪಾಲಾದ ಮೇಲೂ ವಿದ್ಯೆ, ಕಲೆ, ಕ್ರೀಡೆಗಳಲ್ಲಿ ಮನಸ್ಸಿಟ್ಟು, ಚದುರಂಗದಂತಹ ಎಷ್ಟೋ ಮಣೆಯಾಟಗಳನ್ನು ಹೊಸದಾಗಿ ಕಲ್ಪಿಸಿದರು. ಅವರ 'ಶ್ರೀತತ್ತ್ವನಿಧಿ' ಗ್ರಂಥದ ಒಂಬತ್ತನೆಯ ಭಾಗವಾದ ಕೌತುಕನಿಧಿ ಇಂತಹ ಆಟಗಳಿಗೇ ಮೀಸಲು. ಅದೇ ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ದೇಶೀಯ ಮಣೆಯಾಟಗಳ ಪ್ರದರ್ಶನಗಳನ್ನು ಏರ್ಪಡಿಸುತ್ತಾ ಬಂದಿದೆ. ಕುಶಲಕರ್ಮಿಗಳು ಮರದಲ್ಲಿ, ಬಟ್ಟೆಯಲ್ಲಿ ರೂಪಿಸಿದ ಚೌಕಾಬಾರ, ಪಗಡೆ, ಅಳಗುಳಿ ಮಣೆಗಳನ್ನು ಅಲ್ಲಿ ಕಾಣಬಹುದು.

ನಮ್ಮ ಕುಟುಂಬಗಳು ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಹೋಗುವುದುಂಟು. ಮುಂದೆ ಅಂತಹ ಪ್ರದರ್ಶನ ಏರ್ಪಟ್ಟಾಗ ಆ ಯಾತ್ರೆಯನ್ನು ಇದರೊಡನೆ ಜೋಡಿಸಿಕೊಳ್ಳಬಾರದೇಕೆ? ಶಿವಮೊಗ್ಗದಿಂದ ಮೈಸೂರಿಗೆ ಹೋಗುವ ರೈಲು ತರೀಕೆರೆ, ಬೀರೂರು, ಕಡೂರುಗಳನ್ನು ಹಾದೇ ಹೋಗುತ್ತದೆ. ಅಜ್ಜಂಪುರದವರು ಬೀರೂರಿಗೆ ಬಂದು ಕೂಡಿಕೊಳ್ಳಬಹುದು. ನಾಲ್ಕಾರು ಕುಟುಂಬಗಳು ಒಂದೇ ಬೋಗಿಯಲ್ಲಿ ಕುಳಿತು ಹೋಗುವುದೇ ಅರ್ಧ ಹಬ್ಬ.

ನಮ್ಮ ಜಗಲಿಯ ಸಂಪತ್ತು

ಆದರೆ ಮೈಸೂರಿನವರೆಗೂ ಹೋಗದೆಯೇ ಆಗುವ ಕೆಲಸ ಬಹಳಷ್ಟಿದೆ. ಚೌಕಾಬಾರಕ್ಕೆ ಬೇಕಾದದ್ದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಇಪ್ಪತ್ತೈದು ಮನೆಗಳು, ನಾಲ್ಕು ಕವಡೆ, ಕೆಲವು ಕಾಯಿಗಳು. ಕವಡೆ ಇಲ್ಲದವರು ಹುಣಸೆ ಬೀಜವನ್ನು ಒಂದು ಬದಿ ತೇಯ್ದು ಬಿಳಿ ಮಾಡಿಕೊಂಡರೆ ಸಾಕು. ಹದಿನಾಲ್ಕು ಗುಳಿಗಳ ಅಳಗುಳಿ ಮಣೆಯನ್ನು ಕರಾವಳಿಯ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಹಿರಿಯರು ಚೆನ್ನೆಮಣೆ ಎಂದು ಬಲ್ಲರು. ಹೆಸರು ಬೇರೆಯಾದರೂ ಗುಳಿಯಿಂದ ಗುಳಿಗೆ ಬೀಜ ಹಂಚುತ್ತಾ ಹೋಗುವ ಲೆಕ್ಕ ಒಂದೇ. ಎಂಟು ವರ್ಷದ ಮಗು ಅಲ್ಲಿ ಕೂಡುವುದನ್ನೂ ಕಳೆಯುವುದನ್ನೂ ತಿಳಿಯದೆಯೇ ಕಲಿಯುತ್ತದೆ.

ಹುಲಿ ಕುರಿಯಾಟವಂತೂ ನಮ್ಮ ಸೀಮೆಗೇ ಹೇಳಿ ಮಾಡಿಸಿದಂತಿದೆ. ತರೀಕೆರೆಯ ಮಗ್ಗುಲಿಗೆ ಭದ್ರಾ ಅಭಯಾರಣ್ಯದ ಹುಲಿಗಳು, ಕಡೂರಿನ ಬಯಲಿನಲ್ಲಿ ಕುರಿಮಂದೆಗಳು. ತರೀಕೆರೆಯ ಏರಿಯನ್ನೂ ಕುರಿಮರಿಗಳನ್ನೂ ಸೇರಿಸಿ ನಾಲಿಗೆ ತೊಡರುವಂತೆ ಮಾಡುವ ಮಾತಿನ ಆಟ ಕನ್ನಡ ನಾಡಿನ ಮಕ್ಕಳಿಗೆಲ್ಲ ಗೊತ್ತು. ಮಣೆಯ ಮೇಲಿನ ಆಟದಲ್ಲಿ ಹುಲಿಗಳು ಕೆಲವೇ, ಕುರಿಗಳು ಹಲವು. ಒಂಟಿಯಾಗಿ ಅಲೆಯುವ ಕುರಿಯನ್ನು ಹುಲಿ ಹಾರಿ ಕಬಳಿಸುತ್ತದೆ. ಒತ್ತೊತ್ತಾಗಿ ನಿಂತ ಕುರಿಗಳು ಹುಲಿಯನ್ನೇ ಕಟ್ಟಿಹಾಕುತ್ತವೆ. ಸಂಖ್ಯೆಯಲ್ಲಿ ಅಲ್ಪರಾದ, ಊರೂರಲ್ಲಿ ಚದುರಿಹೋದ ನಮಗೆ ಇದಕ್ಕಿಂತ ಸರಳವಾದ ಪ್ರಬೋಧನೆ ಇನ್ನಾವುದಿದೆ?

1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಕ್ಷೇತ್ರದಲ್ಲಿ ಕಾಫಿ ಸೀಮೆಯ ಧರ್ಮಕೇಂದ್ರಗಳಿಗಿರುವ ಜನಬಲ ಈ ಬಯಲಿನ ಊರುಗಳಿಗಿಲ್ಲ. ಮಕ್ಕಳು ಓದಿಗೆ, ಉದ್ಯೋಗಕ್ಕೆ ಬೆಂಗಳೂರು, ಮಂಗಳೂರು, ಕೊಲ್ಲಿ ದೇಶಗಳ ದಾರಿ ಹಿಡಿದಿದ್ದಾರೆ. ರಜೆಗೆ ಬಂದವರು ಭಾನುವಾರದ ಬಲಿಪೂಜೆ ಮುಗಿದೊಡನೆ ದೇವಾಲಯದ ಅಂಗಳದಲ್ಲಿ ಐದು ನಿಮಿಷ ಕುಶಲ ವಿಚಾರಿಸಿ ಚದುರುತ್ತಾರೆ. ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ಯುವಕ ಯುವತಿಯರಿಗೆ ಪರಸ್ಪರರ ಹೆಸರೂ ತಿಳಿಯದ ಸ್ಥಿತಿ ಬಂದಿದೆ. ಒಂದು ಗಂಟೆ ಎದುರುಬದುರು ಕುಳಿತು ಆಡಿದವರು ಮಾತ್ರ ಈ ಅಪರಿಚಿತತೆಯಿಂದ ಪಾರಾದಾರು.

ಧರ್ಮಸಭೆಯ ನಿಲುವು

ಆಟವೆಂಬುದು ಸೋಮಾರಿಗಳ ಕಾಲಹರಣ, ಭಕ್ತರಿಗೆ ತಕ್ಕುದಲ್ಲ ಎಂಬ ಭಾವನೆ ಕೆಲವು ಹಿರಿಯರಲ್ಲಿದೆ. ಧರ್ಮಸಭೆಯ ಮಹಾಪಂಡಿತರು ಹಾಗೆ ಹೇಳಿಲ್ಲ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ 'ಸುಮ್ಮಾ ಥಿಯಾಲಜಿಕೆ'ಯಲ್ಲಿ ಆಟದ ವಿಚಾರವನ್ನು ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ದುಡಿದ ದೇಹಕ್ಕೆ ನಿದ್ದೆ ಬೇಕಾದಂತೆ ದಣಿದ ಮನಸ್ಸಿಗೆ ವಿನೋದ ಬೇಕೆಂಬುದು ಅವರ ವಾದ. ಸದಾ ಹೆದೆಯೇರಿಸಿಟ್ಟ ಬಿಲ್ಲು ಮುರಿಯುತ್ತದೆ ಎಂದು ಪ್ರೇಷಿತ ಯೊವಾನ್ನರು ತಿಳಿಹೇಳಿದರೆಂಬ ಹಳೆಯ ಕಥೆಯನ್ನು ಅವರು ಅಲ್ಲಿ ಉದಾಹರಿಸುತ್ತಾರೆ. ಮಿತಿಮೀರಿದ ಆಟ ದೋಷವಾದಂತೆಯೇ, ತಾನೂ ನಗದೆ ಇತರರ ನಗುವನ್ನೂ ಸಹಿಸದೆ ಇರುವುದೂ ದೋಷವೆಂದು ಅವರ ತೀರ್ಮಾನ. ಮುಖ ಗಂಟಿಕ್ಕಿಕೊಂಡಿರುವುದೇ ಭಕ್ತಿಯ ಲಕ್ಷಣವೆಂದು ತಿಳಿದವರು ಇದನ್ನು ಗಮನಿಸಬೇಕು.

ಸಂತ ಫ್ರಾನ್ಸಿಸ್ ಡಿ ಸೇಲ್ಸರು 1609ರಲ್ಲಿ ಪ್ರಕಟವಾದ ತಮ್ಮ ಭಕ್ತಿಜೀವನದ ಗ್ರಂಥದಲ್ಲಿ ಬುದ್ಧಿ ಮತ್ತು ದೇಹದ ಚಾತುರ್ಯವನ್ನು ಬೇಡುವ ಆಟಗಳನ್ನು ಒಪ್ಪುತ್ತಾರೆ. ಆದರೆ ಅವು ಕಾಲವನ್ನು ನುಂಗಬಾರದು, ಪಣ ದೊಡ್ಡದಾಗಬಾರದು ಎಂದು ಎಚ್ಚರಿಸುತ್ತಾರೆ. ಕೇವಲ ಅದೃಷ್ಟದಿಂದ ಲಾಭ ಬರುವ ಜೂಜನ್ನು ಖಂಡಿಸುತ್ತಾರೆ. ಚೌಕಾಬಾರದಲ್ಲಿಯೂ ಕವಡೆ ಉರುಳುತ್ತದೆಯಲ್ಲ ಎಂದು ಆಕ್ಷೇಪಿಸಬಹುದು. ಕವಡೆ ಹೇಗೆ ಬೀಳುತ್ತದೆಂಬುದು ಅದೃಷ್ಟ, ಯಾವ ಕಾಯನ್ನು ನಡೆಸಬೇಕೆಂಬುದು ವಿವೇಕ. ಪಣವಿಲ್ಲದೆ ಆಡಿದಾಗ ಅದು ಜೂಜಾಗುವುದಿಲ್ಲ. ಧರ್ಮರಾಯನನ್ನು ಕಾಡಿಗೆ ಕಳಿಸಿದ್ದು ಪಗಡೆಯ ದಾಳವಲ್ಲ, ಅದರ ಮೇಲೆ ಒಡ್ಡಿದ ಪಣ.

ಬಾಗಿಲಿಗೆ ಬಂದ ಹುಲಿ

ಈ ಭೇದವನ್ನು ಮಕ್ಕಳಿಗೆ ಕಲಿಸುವ ತುರ್ತು ಇಂದು ಹೆಚ್ಚಾಗಿದೆ. ಹಿಂದೆ ಇಸ್ಪೀಟು ಆಡುವವನು ತೋಟದ ಮರೆಗೋ ಊರಾಚೆಯ ಪಾಳುಮನೆಗೋ ಹೋಗಬೇಕಿತ್ತು. ಮೊಬೈಲು ಬಂದ ಮೇಲೆ ಜೂಜಿನ ಕಟ್ಟೆ ಮಲಗುವ ಹಾಸಿಗೆಯೊಳಕ್ಕೇ ಬಂತು. ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ, ಆನ್‌ಲೈನ್ ರಮ್ಮಿಯಲ್ಲಿ ಸಾಲ ಮಾಡಿಕೊಂಡು ತಾಯಿಯ ಒಡವೆಯನ್ನು ಗಿರವಿಗೆ ಕಳಿಸಿದ ಯುವಕರ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಸಾಲದ ಹೊರೆ ತಾಳಲಾರದೆ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಕರ್ನಾಟಕ ಸರ್ಕಾರ 2021ರಲ್ಲಿ ಇದನ್ನು ತಡೆಯಲು ಕಾನೂನಿಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆ ಅಗತ್ಯವೇ ಹೌದು. ಆದರೆ ಕಾಯಿದೆ ಒಂದು ಬಾಗಿಲನ್ನು ಮುಚ್ಚಬಲ್ಲದಲ್ಲದೆ, ಬರಿದಾದ ಸಂಜೆಯನ್ನು ತುಂಬಲಾರದು. ಅದನ್ನು ತುಂಬಬೇಕಾದವರು ತಂದೆ ತಾಯಿಗಳು ಮತ್ತು ಧರ್ಮಕೇಂದ್ರದ ಸಮುದಾಯ.

ಈ ಸಂದರ್ಭದಲ್ಲಿ ಹೇಳಲೇಬೇಕಾದ ಅಹಿತಕರವಾದ ಮಾತೊಂದಿದೆ. ಪಾಲಕ ಸಂತರ ಹಬ್ಬಗಳಲ್ಲಿ, ಸಂಘಗಳ ವಾರ್ಷಿಕೋತ್ಸವಗಳಲ್ಲಿ ಆಟವೆಂದರೆ ಹೌಸಿ ಹೌಸಿ ಮಾತ್ರ ಎಂಬಂತಾಗಿದೆ. ದೇವಾಲಯದ ದುರಸ್ತಿಗೆ, ಬಡ ಮಕ್ಕಳ ಶುಲ್ಕಕ್ಕೆ ಅದರಿಂದ ಹಣ ಕೂಡಿದ್ದು ನಿಜ. ಅದೃಷ್ಟದ ಆಟಗಳು ತಮ್ಮಷ್ಟಕ್ಕೆ ತಾವೇ ಅನ್ಯಾಯವಲ್ಲ, ಒಬ್ಬನ ಅವಶ್ಯಕತೆಯ ಹಣವನ್ನು ಕಸಿದಾಗ ಮಾತ್ರ ಅವು ಒಪ್ಪತಕ್ಕವಲ್ಲ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಆದ್ದರಿಂದ ಹೌಸಿಯನ್ನು ಪಾಪವೆಂದು ಕರೆಯುವ ಅಧಿಕಾರ ಈ ಅಂಕಣಕ್ಕಿಲ್ಲ.

ಆದರೂ ಎರಡು ಪ್ರಶ್ನೆಗಳು ಉಳಿಯುತ್ತವೆ. ಹೌಸಿ ಆಡುವಾಗ ಸಭಾಂಗಣದ ತುಂಬ ಜನರಿದ್ದರೂ ಪ್ರತಿಯೊಬ್ಬರ ಕಣ್ಣೂ ತಮ್ಮ ತಮ್ಮ ಚೀಟಿಯ ಮೇಲೆಯೇ ಇರುತ್ತದೆ. ಮೊಬೈಲಿನ ಮೇಲೆ ಬಗ್ಗಿದ ತಲೆಗೂ ಚೀಟಿಯ ಮೇಲೆ ಬಗ್ಗಿದ ತಲೆಗೂ ಎಷ್ಟು ಅಂತರ? ಎರಡನೆಯದಾಗಿ, ಹಣ ಬರದಿದ್ದರೆ ಆಟದಲ್ಲಿ ಸ್ವಾರಸ್ಯವೇ ಇಲ್ಲವೆಂಬ ಪಾಠವನ್ನು ಎಳೆಯ ಮಗು ಮೊದಲು ಎಲ್ಲಿ ಕಲಿಯುತ್ತದೆ? ಅದು ನಮ್ಮ ಅಂಗಳದಲ್ಲಿ ಆಗಬಾರದು ಎಂಬುದಷ್ಟೇ ನಮ್ಮ ವಿನಂತಿ. ಶಿಲುಬೆಯ ಬುಡದಲ್ಲಿ ಪ್ರಭುವಿನ ಅಂಗಿಗಾಗಿ ಚೀಟಿ ಹಾಕಿದ ಸೈನಿಕರೂ ಆಡುತ್ತಲೇ ಇದ್ದರು. ತಲೆಯ ಮೇಲೆ ನಡೆಯುತ್ತಿದ್ದುದರತ್ತ ಅವರ ಕಣ್ಣು ಹೋಗಲಿಲ್ಲ.

ಒಂದು ಸಲಹೆ

ಪಾಸ್ಖ ಹಬ್ಬ ಮುಗಿದು ಶಾಲೆಗಳಿಗೆ ರಜೆಯಿರುವ ಏಪ್ರಿಲ್ ಮೇ ತಿಂಗಳುಗಳಲ್ಲಿ ಒಂದು ಭಾನುವಾರವನ್ನು ಮೂರೂ ಊರುಗಳ ಕುಟುಂಬಗಳು ಆಟದ ದಿನವಾಗಿ ಗೊತ್ತುಮಾಡಿಕೊಳ್ಳಲಿ. ಒಂದು ವರ್ಷ ಕಡೂರು, ಮರುವರ್ಷ ತರೀಕೆರೆ, ಅದರ ಮರುವರ್ಷ ಅಜ್ಜಂಪುರದಲ್ಲಿ ಸೇರಬಹುದು. ಬಲಿಪೂಜೆಯ ಅನಂತರ ಚಾಪೆ ಹಾಸಿದರೆ ಮೇಳ ಸಿದ್ಧ. ಪ್ರತಿ ಕುಟುಂಬವೂ ತಾನು ಬಲ್ಲ ಒಂದು ಆಟವನ್ನೂ ಒಂದು ತಿಂಡಿಯನ್ನೂ ತರಲಿ. ಚೌಕಾಬಾರ, ಚೆನ್ನೆಮಣೆ, ಕೇರಂ, ಚದುರಂಗ ಎಲ್ಲವೂ ಇರಲಿ. ಬೆಂಗಳೂರಿನಿಂದ ಬಂದ ಮಕ್ಕಳು ಕಟಾನ್ ತಂದರೆ ಅದಕ್ಕೂ ಸ್ವಾಗತ.

ನಿಯಮಗಳು ನಾಲ್ಕೇ ಸಾಕು. ಹಣದ ಪಣವೂ ಬೆಲೆಬಾಳುವ ಬಹುಮಾನವೂ ಇರಕೂಡದು. ಮೊಬೈಲುಗಳು ಒಂದು ಬುಟ್ಟಿಯಲ್ಲಿ ಮಲಗಿರಲಿ. ಒಂದೇ ಮನೆಯವರು ಒಂದೇ ಮಣೆಗೆ ಕೂರದೆ ಬೇರೆ ಮನೆಯವರೊಡನೆ ಬೆರೆಯಲಿ. ಕಲಿಸುವ ಹೊಣೆ ಹಿರಿಯರದಾಗಿರಲಿ. ಮಾತನಾಡಿಸುವವರಿಲ್ಲದೆ ಮೂಲೆ ಹಿಡಿದ ಅಜ್ಜಿಯೊಬ್ಬರು ಇಂಜಿನಿಯರಿಂಗ್ ಓದುವ ಮೊಮ್ಮಗನ ವಯಸ್ಸಿನವನನ್ನು ಚೆನ್ನೆಮಣೆಯಲ್ಲಿ ಸೋಲಿಸಿದಾಗ ಆ ಮುಖದಲ್ಲಿ ಮೂಡುವ ಬೆಳಕು ಯಾವ ಸನ್ಮಾನ ಸಮಾರಂಭದಲ್ಲೂ ಕಾಣಸಿಗದು. ನೆರೆಯ ಹಿಂದೂ, ಮುಸ್ಲಿಂ ಬಾಂಧವರನ್ನೂ ಕರೆಯೋಣ. ಈ ಆಟಗಳನ್ನು ಅವರ ಮನೆಯ ಹಿರಿಯರೂ ಬಲ್ಲರು. ಸೌಹಾರ್ದದ ಭಾಷಣಗಳಿಗಿಂತ ಒಂದು ಸುತ್ತು ಹುಲಿ ಕುರಿ ಹೆಚ್ಚು ಫಲ ಕೊಟ್ಟೀತು.

ಧರ್ಮಗುರುಗಳಿಗೆ ಕೆಲಸ ಹೆಚ್ಚುವುದೆಂಬ ಸಂಕೋಚ ಬೇಡ. ಅವರು ಸ್ಥಳವನ್ನೂ ಆಶೀರ್ವಾದವನ್ನೂ ಕೊಟ್ಟರೆ ಉಳಿದದ್ದನ್ನು ಯುವಜನರು ನೋಡಿಕೊಳ್ಳಬಲ್ಲರು. ಭಾನುವಾರ ಆಟಕ್ಕಲ್ಲ, ಆರಾಧನೆಗೆ ಎನ್ನುವವರಿಗೆ ಪೋಪ್ ಎರಡನೆಯ ಜಾನ್ ಪೌಲರು 1998ರಲ್ಲಿ ಪ್ರಭುವಿನ ದಿನವನ್ನು ಕುರಿತು ಬರೆದ ಪ್ರೇಷಿತ ಪತ್ರವನ್ನು ನೆನಪಿಸಬಹುದು. ತಂದೆ ತಾಯಿ ಮಕ್ಕಳು ಬಿಡುವಾಗಿ ಒಂದೆಡೆ ಕೂಡುವುದನ್ನು ಅವರು ಆ ದಿನದ ಪಾವಿತ್ರ್ಯಕ್ಕೆ ಸೇರಿದ್ದೆಂದೇ ಕಂಡರು. ಪ್ರವಾದಿ ಜೆಕರ್ಯರೂ ಪುನೀತವಾದ ಜೆರುಸಲೇಮಿನ ಚಿತ್ರ ಬಿಡಿಸುವಾಗ ಕೋಲೂರಿ ಕುಳಿತ ವೃದ್ಧರನ್ನೂ ಬೀದಿಯ ತುಂಬ ಆಡುವ ಬಾಲಕ ಬಾಲಕಿಯರನ್ನೂ ಒಟ್ಟಿಗೇ ಕಂಡರಲ್ಲವೇ?

ಚೌಕಾಬಾರದಲ್ಲಿ ಹೊಡೆತ ತಿಂದ ಕಾಯಿ ಸಾಯುವುದಿಲ್ಲ. ಅದು ತನ್ನ ಮನೆಗೆ ಮರಳಿ, ಮೊದಲಿನಿಂದ ಹೊರಟು, ಸುತ್ತಿ ಸುತ್ತಿ ನಡುಮನೆ ಸೇರಿದಾಗ ಹಣ್ಣಾಯಿತು ಎನ್ನುತ್ತೇವೆ. ಸೋತವನಿಗೆ ಮರಳಿ ಬರಲು ಒಂದು ಮನೆ ಇರಬೇಕು. ಜೂಜಿನಲ್ಲಿ ಸೋತವನಿಗೆ ಆ ಮನೆಯೇ ಇರುವುದಿಲ್ಲ. ನಮ್ಮ ಮಕ್ಕಳು ಯಾವ ಆಟವನ್ನು ಕಲಿತು ಬೆಳೆಯಬೇಕೆಂಬುದನ್ನು ಈ ಬೇಸಿಗೆಯೊಳಗಾಗಿ ನಾವು ತೀರ್ಮಾನಿಸೋಣ.