ಸುಮ್ಮನಿರುವುದರ ಖರ್ಚು

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ಹಿರಿಯರು ಗದರಿಸಿದ್ದು ಸೋಮಾರಿಗಳನ್ನು. ಶರೀರಶಾಸ್ತ್ರಜ್ಞರಾದರೋ ಆ ಗಾದೆಯನ್ನು ಅಕ್ಷರಶಃ ಒಪ್ಪುತ್ತಾರೆ. ಮಂಚದ ಮೇಲೆ ಕದಲದೆ ಮಲಗಿದವನೂ ಖರ್ಚು ಮಾಡುತ್ತಲೇ ಇರುತ್ತಾನೆ. ಹೃದಯ ಮಿಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಸಾಧಾರಣ ಮೈಕಟ್ಟಿನ ಗಂಡಸಿಗೆ ಇಷ್ಟಕ್ಕೇ ಎಂಬತ್ತು ವ್ಯಾಟಿನ ದೀಪವೊಂದು ಹಗಲಿರುಳು ಉರಿದಷ್ಟು ಶಕ್ತಿ ಬೇಕು.

ಈ ಖರ್ಚಿಗೆ ಲೆಕ್ಕದ ಪುಸ್ತಕ ಉಸಿರೇ. ಇದನ್ನು ಮೊದಲು ಓದಿದವನು ಫ್ರಾನ್ಸಿನ ಲವಾಸಿಯೆ. 1782-83ರ ಚಳಿಗಾಲದಲ್ಲಿ ಆತನೂ ಲಾಪ್ಲಾಸನೂ ಗಿನಿಯಿಲಿಯೊಂದನ್ನು ಮಂಜುಗಡ್ಡೆಯ ನಡುವೆ ಕೂರಿಸಿ, ಕರಗಿದ ನೀರನ್ನು ತೂಗಿದರು. ಮುಂದೆ ಸಹಾಯಕ ಸೆಗ್ವಿನನೇ ಮುಖವಾಡ ತೊಟ್ಟು ಪ್ರಯೋಗಕ್ಕೆ ಕುಳಿತ. ಆ ದೃಶ್ಯವನ್ನು ಚಿತ್ರಿಸಿದವಳು ಲವಾಸಿಯೆಯ ಮಡದಿ. ಮೇಜಿನ ಬಳಿ ಟಿಪ್ಪಣಿ ಬರೆಯುತ್ತಿರುವ ತನ್ನನ್ನೂ ಚಿತ್ರದಲ್ಲಿ ಸೇರಿಸಿದ್ದಾಳೆ. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಸಹಿ ಅಪರೂಪ. 1794ರಲ್ಲಿ ಕ್ರಾಂತಿಕಾರರು ಲವಾಸಿಯೆಯ ತಲೆ ತೆಗೆದರು, ಲೆಕ್ಕ ಉಳಿಯಿತು.

ಇಂದು ಮಂಜುಗಡ್ಡೆ ಬೇಡ. ಪಾರದರ್ಶಕ ಗೂಡೊಂದನ್ನು ತಲೆಯ ಮೇಲೆ ಮುಚ್ಚಿ, ಒಳಹೋದ ಆಮ್ಲಜನಕವನ್ನೂ ಹೊರಬಂದ ಇಂಗಾಲದ ಡೈ ಆಕ್ಸೈಡನ್ನೂ ಯಂತ್ರ ಅಳೆಯುತ್ತದೆ. ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಬಳಸಿ 200 ಮಿಲಿಲೀಟರ್ ಡೈ ಆಕ್ಸೈಡ್ ಬಿಟ್ಟವನಿಗೆ, 1949ರಲ್ಲಿ ವಿಯರ್ ಕೊಟ್ಟ ಸೂತ್ರದಂತೆ, ದಿನಕ್ಕೆ ಸುಮಾರು 1,740 ಕಿಲೊಕ್ಯಾಲೊರಿ. ಗೂಡಿನಿಂದ ಹತ್ತರಲ್ಲೊಂದು ಪಾಲು ಉಸಿರು ಸೋರಿತೆನ್ನಿ, ನೂರೆಪ್ಪತ್ತಕ್ಕೂ ಹೆಚ್ಚು ಕ್ಯಾಲೊರಿ ಲೆಕ್ಕದಿಂದಲೇ ಮಾಯ! ಆದಕಾರಣ ಯಂತ್ರಕ್ಕೂ ಪರೀಕ್ಷೆಯುಂಟು. ತೂಗಿದ ಮದ್ಯಸಾರವನ್ನು ಅದರೊಳಗೆ ಉರಿಸುತ್ತಾರೆ. ಮೂರು ಪಾಲು ಆಮ್ಲಜನಕ ಹೋದಲ್ಲಿ ಎರಡು ಪಾಲು ಡೈ ಆಕ್ಸೈಡ್ ಬಂದರೆ ಯಂತ್ರ ಪ್ರಾಮಾಣಿಕ.

ಮನುಷ್ಯನನ್ನು ಪ್ರಾಮಾಣಿಕನಾಗಿಸುವುದು ಇನ್ನೂ ಕಷ್ಟ. ರಾತ್ರಿಯಿಡೀ ಉಪವಾಸ, ಬೆಳಗಿನ ಕಾಫಿಯೂ ಇಲ್ಲ (ನಮ್ಮವರಿಗೆ ಇದೇ ದೊಡ್ಡ ತಪಸ್ಸು). ಕೋಣೆಯಲ್ಲಿ ಚಳಿಯಿರಬಾರದು, ಸೆಖೆಯಿರಬಾರದು. ನಿದ್ದೆ ಹೋಗಕೂಡದು, ಚಡಪಡಿಸಲೂಕೂಡದು. ಮೊದಲ ಐದು ನಿಮಿಷದ ಅಂಕಿಗಳನ್ನು ಬಿಟ್ಟು, ಉಸಿರು ಒಂದೇ ಸಮನಾದ ಮೇಲಿನದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮುಂಗೈಯ ಗಡಿಯಾರಗಳು ತೋರಿಸುವ ಕ್ಯಾಲೊರಿ ಅಳತೆಯಲ್ಲ, ಅಂದಾಜು.

ಅಂದಾಜು ಸಾಲದೇ ಎನ್ನುವಿರಾ? ತೀವ್ರ ನಿಗಾ ಘಟಕದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ ರೋಗಿ ‘ಸಾಕು’ ಎನ್ನಲಾರ, ‘ಇನ್ನಷ್ಟು’ ಎನ್ನಲಾರ. ನಳಿಕೆಯಲ್ಲಿ ಇಳಿಯುವ ಆಹಾರ ಕಡಿಮೆಯಾದರೆ ಮಾಂಸಖಂಡ ಕರಗುತ್ತದೆ. ಅತಿಯಾದರೆ ಹೆಚ್ಚುವರಿ ಡೈ ಆಕ್ಸೈಡನ್ನು ಹೊರದೂಡುವ ಹೊರೆ ಸೋತ ಶ್ವಾಸಕೋಶದ ಮೇಲೆ. ಅಳೆಯುವ ಯಂತ್ರವಿಲ್ಲದ ಕಡೆ ವೈದ್ಯರು ತೂಕ, ಎತ್ತರ, ವಯಸ್ಸುಗಳ ಸೂತ್ರ ಬಳಸುತ್ತಾರೆ. ಹ್ಯಾರಿಸ್ ಮತ್ತು ಬೆನೆಡಿಕ್ಟರ ಪ್ರಸಿದ್ಧ ಸೂತ್ರ 1919ರದು. ಅದಕ್ಕೆ ಆಧಾರ 136 ಗಂಡಸರು, 103 ಹೆಂಗಸರು, ಎಲ್ಲರೂ ಅಮೆರಿಕದಲ್ಲಿ ಅಳೆಯಲ್ಪಟ್ಟವರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ಹೊಸ ಸೂತ್ರಗಳನ್ನು ಕೊಟ್ಟವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ನಮ್ಮವರನ್ನೇ ಮಲಗಿಸಿ ಅಳೆದಾಗ, ಆ ಸೂತ್ರ ಹೇಳಿದ್ದಕ್ಕಿಂತ ಖರ್ಚು ಕಡಿಮೆಯೆಂದು ಕಂಡಿತು. 1993ರಲ್ಲಿ ಅವರು ಭಾರತೀಯ ಪುರುಷರಿಗೆಂದೇ ಬೇರೆ ಸೂತ್ರ ಪ್ರಕಟಿಸಿದರು.