ಗಾಲಿಕುರ್ಚಿ ಬಂತು, ಬಚ್ಚಲಿನ ಬಾಗಿಲು?

ಓಕಳಿಪುರಂನ ಹಳೆಯ ಓಣಿಗಳಲ್ಲಿ ಮನೆಯ ಹೊಸ್ತಿಲು ಎತ್ತರ, ಬಚ್ಚಲಿನ ಬಾಗಿಲು ಕಿರಿದು. ಮಂಡಿ ಸೋತ ಹಿರಿಯರು ರಾತ್ರಿ ಶೌಚಕ್ಕೆ ಏಳಬೇಕಾಗುತ್ತದೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಮಲಬದ್ಧತೆ, ಮೂತ್ರದ ಸೋಂಕಿಗೆ ಇದೂ ದಾರಿ.

ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ 2017ರಿಂದ ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಸಿಗುತ್ತಿವೆ. ಒಳ್ಳೆಯದೇ. ಆದರೆ ಆ ಕುರ್ಚಿ ಬಚ್ಚಲೊಳಗೆ ಹೋಗಬೇಕಲ್ಲ? ಇಂಗ್ಲೆಂಡಿನಲ್ಲಿ ಮನೆಯ ಮಾರ್ಪಾಡಿಗೆಂದೇ ಅಂಗವಿಕಲರಿಗೆ 30,000 ಪೌಂಡ್‌ವರೆಗೆ ಸ್ಥಳೀಯ ಆಡಳಿತದ ನೆರವುಂಟು. ಅಷ್ಟು ದೊಡ್ಡ ಮೊತ್ತ ಬೇಡ. ಅಂಗವಿಕಲರ ಕಲ್ಯಾಣಕ್ಕೆ ನಮ್ಮ ಪಾಲಿಕೆ ತೆಗೆದಿಡುವ ಹಣದಲ್ಲಿ ಬಚ್ಚಲಿಗೂ ಒಂದು ಪಾಲು ಇರಲಿ ಎಂದು ಕೇಳೋಣ.

ಅದು ಬರುವವರೆಗೆ ಜಮಾಅತ್‌ಗಳು ಕಾಯಬೇಕಿಲ್ಲ. ಝಕಾತ್‌ಗೆ ಅರ್ಹರಾದವರ ಔಷಧಿಗೆ ನೆರವಾಗುವ ನಾವು ಗೋಡೆಗೊಂದು ಸ್ಟೀಲ್ ಹಿಡಿಕೆ, ಜಾರದ ನೆಲ, ಕುಳಿತು ವುಝೂ ಮಾಡಲು ಎತ್ತರದ ಕಟ್ಟೆ, ಕಮೋಡ್ ಇವುಗಳಿಗೂ ಕೊಡಬಹುದು. ಇಳಿಜಾರು ಆಮೇಲೆ ನೋಡೋಣ: ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಓಣಿಯಲ್ಲಿ ಅಷ್ಟು ಜಾಗವೆಲ್ಲಿ? ಇನ್ನು ಬಾಡಿಗೆ ಮನೆಯವರ ಕಷ್ಟವೇ ಬೇರೆ. ಹಿಡಿಕೆ ಕೂರಿಸಲು ಗೋಡೆಗೆ ನಾಲ್ಕು ತೂತು ಕೊರೆದರೆ ಅಡ್ವಾನ್ಸ್ ಹಣದಲ್ಲಿ ಹಿಡಿದುಕೊಳ್ಳುವ ಮಾಲಕರು ನಮ್ಮಲ್ಲೂ ಇದ್ದಾರೆ.